ಕಣಗಿನಹಾಳದ ಖಾತೆಯಿಂದ ಕೃತಕ ಬುದ್ಧಿಯವರೆಗೆ



ನಮ್ಮ ಸಂಘ ಹೋಬಳಿ ಸಂಘದಿಂದ ಬೇರೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸಂಘ ಹುಟ್ಟಿ ಬೆಳೆದ ಬಗೆಯನ್ನು ಮಾನ್ಯ ಅಧ್ಯಕ್ಷರೂ ಕಾರ್ಯದರ್ಶಿಗಳೂ ಇದೇ ಸಂಚಿಕೆಯಲ್ಲಿ ವಿವರವಾಗಿ ಬರೆದಿದ್ದಾರೆ. ಅದನ್ನೇ ಮತ್ತೆ ಹೇಳುವುದು ಬೇಡವೆಂದು ನಾವು ಬೇರೊಂದು ಚರಿತ್ರೆಯನ್ನು ಕೈಗೆತ್ತಿಕೊಂಡಿದ್ದೇವೆ. ಲೆಕ್ಕ ಇಡುವ ಯಂತ್ರ, ಸಲಹೆ ಹೇಳುವ ಯಂತ್ರ ಹಳ್ಳಿಗೆ ಹೇಗೆ ಬಂತು, ಬಂದ ಮೇಲೆ ಯಾರ ಮಾತು ಕೇಳಿತು ಎಂಬುದೇ ಆ ಚರಿತ್ರೆ. ಇದಕ್ಕೆ ಕಾರಣವಿದೆ. ಈಗ ಎಲ್ಲಿ ನೋಡಿದರೂ ಕೃತಕ ಬುದ್ಧಿಮತ್ತೆ, ಅಂದರೆ ಎ.ಐ.ಯದೇ ಮಾತು. ಹುಡುಗರು ಕಟ್ಟೆ ಮೇಲೆ ಕುಂತು, ಮೆಣಸಿನ ಗಿಡದ ಮುಟುರು ರೋಗಕ್ಕೆ ಏನು ಹೊಡೀಬೇಕು ಅಂತ ಫೋನನ್ನೇ ಕೇಳ್ತಾರೆ. "ನಾಳೆ ಸಾಲ ಯಾರಿಗೆ ಕೊಡಬೇಕು ಅನ್ನೋದನ್ನೂ ಅದೇ ಹೇಳ್ತೈತಂತ, ಖರೇ ಏನ್ರೀ?" ಎಂದು ಹಿರಿಯ ಸದಸ್ಯರೊಬ್ಬರು ಹೋದ ಸಭೆಯಲ್ಲಿ ಕೇಳಿದರು. ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರ ಚಿಕ್ಕದಾಯಿತು. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಎ.ಐ.ಗೆ ಮನಸ್ಸು ಎಂಬುದಿಲ್ಲ. ಲಕ್ಷಾಂತರ ಬರಹ, ಫೋಟೋ, ದನಿಗಳನ್ನು ಕಂಪ್ಯೂಟರಿಗೆ ತೋರಿಸುತ್ತಾರೆ. ಅವುಗಳಲ್ಲಿ ಯಾವುದರ ಹಿಂದೆ ಯಾವುದು ಬರುತ್ತದೆ ಎಂಬ ಜಾಡನ್ನು ಅದು ಹಿಡಿಯುತ್ತದೆ. ಆಮೇಲೆ ಹೊಸದೇನಾದರೂ ಕೇಳಿದರೆ ಆ ಜಾಡಿನ ಮೇಲೆ ಒಂದು ಉತ್ತರ ಕೊಡುತ್ತದೆ. ಅದಕ್ಕೆ ತೋರಿಸದೇ ಇದ್ದದ್ದು ಅದಕ್ಕೆ ಗೊತ್ತಿರುವುದಿಲ್ಲ. ಆದರೆ ಗೊತ್ತಿಲ್ಲ ಅಂತ ಸುಮ್ಮನಿರುವ ಗುಣವೂ ಅದಕ್ಕೆ ಕಡಿಮೆ. ಅಂಥವರು ನಮ್ಮೂರಲ್ಲೂ ಇದ್ದಾರೆನ್ನಿ.

ಈಗ ಚರಿತ್ರೆಗೆ ಬರೋಣ. ಸಹಕಾರ ಎಂದರೆ ನಮ್ಮ ಭಾಗದವರು ಮೊದಲು ನೆನೆಯಬೇಕಾದದ್ದು ಗದಗ ಹತ್ತಿರದ ಕಣಗಿನಹಾಳವನ್ನು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿತು. ಮಾರನೇ ವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಅದಕ್ಕೆ ಹೆಸರು. ಆಗ ಆ ಊರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು.

ಆ ಕಾಯ್ದೆಯಲ್ಲಿ ಎರಡು ಸಂಗತಿಗಳಿದ್ದವು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಮಾಡಬಹುದಿತ್ತು. ಗ್ರಾಮೀಣ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಅಂದರೆ ಸಂಘ ಮುಳುಗಿದರೆ ಒಬ್ಬನ ಸಾಲಕ್ಕೆ ಉಳಿದವರ ಹೊಲಮನೆಯೂ ಬಾಧ್ಯ. ಹೀಗಿದ್ದ ಮೇಲೆ ಪಕ್ಕದವನ ಹೊಲ ಎರಿಯೋ ಮಸಾರಿಯೋ, ಅವನ ಬಾವಿಗೆ ಬೇಸಿಗೆಯಲ್ಲಿ ನೀರಿದೆಯೋ ಇಲ್ಲವೋ, ಹೋದ ಸುಗ್ಗಿಯಲ್ಲಿ ಎಷ್ಟು ಚೀಲ ಬಂತು ಎಂಬುದೆಲ್ಲ ಸಂಘದವರಿಗೆ ಗೊತ್ತಿರಲೇಬೇಕಿತ್ತು. ಸಂಘದ ನಿಜವಾದ ಬಂಡವಾಳ ಷೇರು ಹಣಕ್ಕಿಂತ ಹೆಚ್ಚಾಗಿ ಈ ತಿಳಿವಳಿಕೆಯೇ ಆಗಿತ್ತು ಎಂದು ನಮ್ಮ ಅಭಿಪ್ರಾಯ. ಒಂದು ಮಾತು ಇಲ್ಲಿ ಹೇಳಲೇಬೇಕು. ಸಾವಕಾರನೂ ಊರನ್ನು ಚೆನ್ನಾಗಿ ಬಲ್ಲವನೇ. ಆದರೆ ತಾನು ಬಲ್ಲದ್ದನ್ನು ಅವನು ತನ್ನ ಸಂದೂಕದಲ್ಲಿಟ್ಟು ಬೀಗ ಹಾಕುತ್ತಿದ್ದ. ಸಂಘ ಅದನ್ನೇ ಖಾತೆಪುಸ್ತಕಕ್ಕೆ ಬರೆದು ಸಭೆಯಲ್ಲಿ ಓದಿ ಹೇಳಿತು. ಲೆಕ್ಕ ತಪ್ಪಿದ್ದರೆ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದಿತ್ತು. ನಮ್ಮ ದೃಷ್ಟಿಯಲ್ಲಿ ಸಾವಕಾರನಿಗೂ ಸಂಘಕ್ಕೂ ಇರುವ ದೊಡ್ಡ ವ್ಯತ್ಯಾಸ ಬಡ್ಡಿಯ ದರವಲ್ಲ, ಇದು.

ಖಾತೆಪುಸ್ತಕ ಕಂಪ್ಯೂಟರಿಗೆ ಹೋದ ಕಾಲಕ್ಕೆ ಬಂದರೆ, ಬೆಳಗಾವಿ ದಾಟಿ ಕೊಲ್ಲಾಪುರದ ಕಡೆ ಹೋದವರಿಗೆ ವಾರಣಾನಗರ ಗೊತ್ತಿರುತ್ತದೆ. ತಾತ್ಯಾಸಾಹೇಬ ಕೋರೆಯವರು ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆಯ ಊರು. 1998ರಲ್ಲಿ ಕೇಂದ್ರ ಸರ್ಕಾರ, ಮಹಾರಾಷ್ಟ್ರ ಸರ್ಕಾರ ಹಾಗೂ ವಾರಣಾ ಸಹಕಾರಿಗಳು ಸೇರಿ ಅಲ್ಲಿ ಸುಮಾರು 70 ಹಳ್ಳಿಗಳಿಗೆ 54 ಕಂಪ್ಯೂಟರ್ ಕೇಂದ್ರಗಳನ್ನು ಹಾಕುವ ಯೋಜನೆ ಆರಂಭಿಸಿದರು. ಹಳ್ಳಿಯ ರೈತ ಪೇಟೆ ಧಾರಣೆ ನೋಡುತ್ತಾನೆ, ಬೆಳೆಯ ಸಲಹೆ ಪಡೆಯುತ್ತಾನೆ, ಮಕ್ಕಳು ಲೋಕಜ್ಞಾನ ಕಲಿಯುತ್ತಾರೆ ಎಂದೆಲ್ಲ ಮಾತಾಯಿತು. ಕೆಲವು ವರ್ಷಗಳ ನಂತರ ಸಂಶೋಧಕರು ಹೋಗಿ ನೋಡಿದಾಗ ಆ ಕಂಪ್ಯೂಟರುಗಳು ಮಾಡುತ್ತಿದ್ದದ್ದು ಬಹುಮಟ್ಟಿಗೆ ಒಂದೇ ಕೆಲಸ: ಕಬ್ಬಿನ ತೂಕದ ಚೀಟಿ, ಕಟಾವಿನ ಪರವಾನಗಿ, ಗೊಬ್ಬರದ ಲೆಕ್ಕ. ಅದನ್ನು ಮೊಬೈಲಿನಲ್ಲೇ ಮಾಡಬಹುದಲ್ಲ ಎಂದು 7 ಹಳ್ಳಿಗಳಲ್ಲಿ 8 ತಿಂಗಳು ಪ್ರಯೋಗ ಮಾಡಿದರು. ರೈತ ಒಂದು ಎಸ್.ಎಂ.ಎಸ್. ಕಳಿಸಿದರೆ ತನ್ನ ಕಬ್ಬು ಎಷ್ಟು ಟನ್ ತೂಗಿತು ಎಂಬುದು ಕೈಗೇ ಬಂತು. ಈ ವಿಚಾರ 2007ರಲ್ಲಿ ಪ್ರಕಟವಾಗಿದೆ. ಯೋಜನೆ ಸೋತಿತು ಎಂದು ಇದನ್ನು ಓದಿದವರೂ ಇದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ತೂಕದ ಚೀಟಿಯೇ ರೈತನ ಪ್ರಶ್ನೆಯಾಗಿತ್ತು. ಉಳಿದವೆಲ್ಲ ದೆಹಲಿ ಮುಂಬಯಿಯಲ್ಲಿ ಕುಳಿತವರು ಅವನ ಪರವಾಗಿ ಕೇಳಿಕೊಂಡ ಪ್ರಶ್ನೆಗಳು.

ನಮ್ಮ ರಾಜ್ಯದ ಭೂಮಿ ಯೋಜನೆ ಎಲ್ಲರಿಗೂ ಗೊತ್ತಿರುವುದೇ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ನಮ್ಮ ಕಡೆ ಉತಾರ ಎನ್ನುವ ಆ ಕಾಗದಕ್ಕೆ ಎಷ್ಟು ತಿರುಗಾಡುತ್ತಿದ್ದೆವು ಎಂಬುದನ್ನು ಹಿರಿಯರೇ ಹೇಳಬೇಕು. ಆಮೇಲೆ ಅದು 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುವಂತಾಯಿತು. ದೊಡ್ಡ ಉಪಕಾರವೇ. ಆದರೆ ಊರಲ್ಲಿದ್ದ ದಾಖಲೆ ತಾಲ್ಲೂಕಿಗೆ ಹೋಯಿತು, ಹೆಸರೊಂದು ತಪ್ಪಾಗಿ ಕೂತರೆ ತಿದ್ದಿಸಲು ನಾವೇ ಅಲ್ಲಿಗೆ ಹೋಗಬೇಕಾಯಿತು. ಜಮೀನು ಎಲ್ಲೆಲ್ಲಿದೆ ಎಂದು ಒಂದೇ ಕಡೆ ಕುಳಿತು ನೋಡುವ ಅನುಕೂಲ ಬೆಂಗಳೂರಿನ ಸುತ್ತ ಜಾಗ ಹುಡುಕುವ ದೊಡ್ಡ ಕುಳಗಳಿಗೂ ಆಯಿತೆಂದು 2007ರಲ್ಲಿ ಕೆಲವು ವಿದ್ವಾಂಸರು ಬರೆದರು.

2006ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಅದರ ಹೆಸರು ಡಿಜಿಟಲ್ ಗ್ರೀನ್. ರೈತರೇ ತಮ್ಮ ಹೊಲದಲ್ಲಿ ನಿಂತು, ಇಂಥದ್ದು ಹೀಗೆ ಮಾಡ್ತೀನಿ ಎಂದು ತೋರಿಸುವ ಸಣ್ಣ ವಿಡಿಯೋ ತೆಗೆದು, ಊರವರೆಲ್ಲ ಕೂಡಿದ ಕಡೆ ಹಾಕುವುದು. ನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ಊರಿನವರೇ ಒಬ್ಬರು ಇರುತ್ತಿದ್ದರು. ಕರ್ನಾಟಕದ 16 ಹಳ್ಳಿಗಳಲ್ಲಿ ನೋಡಿದಾಗ, ಅಧಿಕಾರಿಗಳು ಬಂದು ಹೇಳಿಹೋಗುವ ಹಳೆಯ ಪದ್ಧತಿಗಿಂತ ಇದರಲ್ಲಿ ಆರೇಳು ಪಟ್ಟು ಹೆಚ್ಚು ಜನ ಹೊಸ ಪದ್ಧತಿಯನ್ನು ಕೈಗೊಂಡರು. ವಿಡಿಯೋ ನೋಡಿದವರು ಮೊದಲು ಕೇಳುತ್ತಿದ್ದದ್ದು, ಆತನ ಹೆಸರೇನು, ಯಾವೂರು ಎಂದಂತೆ. ಇದನ್ನು ಓದಿ ನಮಗೆ ನಗು ಬಂತು, ಯಾಕಂದರೆ ನಾವೂ ಅದನ್ನೇ ಕೇಳುತ್ತೇವೆ. ಅದೇ ಸಂಸ್ಥೆ ಈಗ ಎ.ಐ. ಬಳಸಿ ಫೋನಿನಲ್ಲಿ ಸಲಹೆ ಕೊಡುವ ವ್ಯವಸ್ಥೆಯನ್ನು ಭಾರತದಲ್ಲೂ ಕೀನ್ಯಾ, ಇಥಿಯೋಪಿಯಾದಲ್ಲೂ ನಡೆಸುತ್ತಿದೆ. ಆದರೆ ಫೋನಿಗೆ ಯಾವೂರೂ ಇಲ್ಲವಲ್ಲ!

ಆಫ್ರಿಕಾದ ಮಾತು ಬಂದದ್ದರಿಂದ ಟಾಂಜಾನಿಯಾದ ಸಂಗತಿಯೊಂದನ್ನು ಹೇಳಿಬಿಡುತ್ತೇವೆ. ಅಲ್ಲಿನ ಬಡವರ ಊಟ ಮರಗೆಣಸು. ಅದಕ್ಕೆ ಎಲೆ ಮಚ್ಚೆಯಾಗುವ ನಂಜುರೋಗ, ಗೆಡ್ಡೆ ಒಳಗೇ ಕೊಳೆಯುವ ಇನ್ನೊಂದು ರೋಗ. ಅಲ್ಲಿಯ ಹೊಲಗಳಲ್ಲೇ ತೆಗೆದ ಎಲೆಗಳ ಫೋಟೋ ತೋರಿಸಿ ನೂರು ಎಂಬ ಎ.ಐ. ಸಾಧನ ತಯಾರಿಸಿದರು. ನೂರು ಎಂದರೆ ಅವರ ಸ್ವಾಹಿಲಿ ಭಾಷೆಯಲ್ಲಿ ಬೆಳಕು. ಇಂಟರ್ನೆಟ್ ಇಲ್ಲದ ಕಡೆಯೂ ಫೋನಿನಲ್ಲೇ ಕೆಲಸ ಮಾಡುತ್ತದೆ. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ಎಲೆ ನೋಡಿದರೆ ಅದು ನೂರಕ್ಕೆ ಸುಮಾರು 65 ಸಲ ಸರಿಯಾಗಿ ಹೇಳಿತು, ಆರು ಎಲೆ ನೋಡಿದರೆ 74ರಿಂದ 88ರವರೆಗೆ ಏರಿತು. ಒಂದೇ ಎಲೆ ನೋಡಿ ಎಣ್ಣೆ ಡಬ್ಬಿ ತರಲು ಓಡುವ ನಮ್ಮ ಹುಡುಗರು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಹಾಗಾದರೆ ಕನ್ನಡ? ಎ.ಐ. ಇಂಗ್ಲಿಷನ್ನು ನೋಡಿದಷ್ಟು ಕನ್ನಡವನ್ನು ನೋಡಿಲ್ಲ. ಆ ಕೊರತೆ ತುಂಬಲು ಬೆಂಗಳೂರಿನ ಕಾರ್ಯ ಎಂಬ ಲಾಭರಹಿತ ಸಂಸ್ಥೆ 2021ರಿಂದ ಹಳ್ಳಿಯ ಜನರಿಂದಲೇ ಮಾತು ಸಂಗ್ರಹಿಸುತ್ತಿದೆ. ಆಲಹಳ್ಳಿ ಎಂಬ ಊರಿನಲ್ಲಿ ಹೆಣ್ಣುಮಕ್ಕಳು ಫೋನ್ ಹಿಡಿದು ಕನ್ನಡ ವಾಕ್ಯಗಳನ್ನು ಓದಿ ಕೊಟ್ಟದ್ದು 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯಲ್ಲೂ ಬಂತು. ಗಂಟೆಗೆ ಸುಮಾರು 5 ಡಾಲರ್ ಕೂಲಿ, ಆ ದನಿಯನ್ನು ಮತ್ತೆ ಮಾರಿದರೆ ಅದರಲ್ಲೂ ಪಾಲು. ಮಾತಿಗೂ ಬೆಲೆಯುಂಟು, ಆಡಿದವರಿಗೆ ಅದರ ಪಾಲು ಸಲ್ಲಬೇಕು ಎಂಬ ಈ ಏರ್ಪಾಡು ನಮಗೆ ಬಹಳ ಹಿಡಿಸಿತು. ಹಾಲು ಹಾಕಿದವರಿಗೆ ಬೋನಸ್ ಬಂದ ಹಾಗೆ. ಆದರೆ ನಮ್ಮ ಹರಗೋದು, ಎಡೆ ಹೊಡೆಯೋದು, ಕೂರಿಗೆ, ಬಿತ್ತಿಗೆ ಇವೆಲ್ಲ ಅದರ ಕಿವಿಗೆ ಬೀಳಬೇಕಾದರೆ ನಮ್ಮ ಭಾಗದವರೂ ಹೀಗೆ ದನಿ ಕೊಡಬೇಕಾದೀತು.

ಮಳೆಯ ಸುದ್ದಿಯೂ ಇದೇ ಜಾಡಿನದು. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಇಲಾಖೆ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎ.ಐ. ಆಧಾರದ ಮುಂಗಾರು ಮುನ್ಸೂಚನೆಯನ್ನು ಎಸ್.ಎಂ.ಎಸ್. ಮೂಲಕ ಕಳಿಸಿತು. ಮಳೆ ಬೇಗ ಬಂದು ನಡುವೆ ಸುಮಾರು 20 ದಿನ ಮುಂದೆ ಸಾಗದೆ ನಿಂತದ್ದನ್ನು ಅದು ಮೊದಲೇ ಹೇಳಿತ್ತು. ಬಿತ್ತಬೇಕೋ ತಡೀಬೇಕೋ ಎಂದು ಕೈಯಲ್ಲಿ ಬೀಜ ಹಿಡಿದು ನಿಂತವನಿಗೆ ಇದರ ಬೆಲೆ ಗೊತ್ತು. ಆ ಮುನ್ಸೂಚನೆ ತಯಾರಿಸಲು ವಿದೇಶದ ಎ.ಐ. ಮಾದರಿಗಳ ಜೊತೆಗೆ ನಮ್ಮ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ಲೆಕ್ಕವನ್ನೂ ಬಳಸಿದರು. ಬೆಳಿಗ್ಗೆ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆದಿಟ್ಟ ಎಷ್ಟೋ ಮಂದಿ ಸಣ್ಣ ನೌಕರರ ಕೈಬರಹ ಆ ಲೆಕ್ಕದಲ್ಲಿದೆ. ಅವರ ಹೆಸರು ಎಲ್ಲೂ ಬರುವುದಿಲ್ಲ.

ಇನ್ನು ನಮ್ಮ ಸಂಘದ ಮಾತು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶಕ್ಕೆಲ್ಲ ಒಂದೇ ಬಗೆಯ ತಂತ್ರಾಂಶ. ಲೆಕ್ಕ ಚೊಕ್ಕಟವಾಗುತ್ತದೆ, ಆಡಿಟ್ ಹೊತ್ತಿಗೆ ಆಗುತ್ತದೆ, ಒಬ್ಬರ ಹೆಸರಲ್ಲಿ ಇನ್ನೊಬ್ಬರು ಸಾಲ ಎತ್ತುವುದು ನಿಲ್ಲುತ್ತದೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಒಂದೇ ಕಡೆ ಕೂಡಿದ ಲೆಕ್ಕದ ಮೇಲೆ ನಾಳೆ ಎ.ಐ. ಕೂರಿಸಿ, ಇವರು ಸಾಲಕ್ಕೆ ಅರ್ಹರು, ಇವರು ಅಲ್ಲ ಎಂದು ಹೇಳಿಸುವುದು ಕಷ್ಟದ ಕೆಲಸವೇನಲ್ಲ. ಎರಡು ವರ್ಷ ಕಟ್‌ಬಾಕಿ ಇದ್ದವನನ್ನು ಯಂತ್ರ ಕಟ್‌ಬಾಕಿದಾರ ಎಂದಷ್ಟೇ ನೋಡುತ್ತದೆ. ಒಂದು ವರ್ಷ ಬೋರ್‌ವೆಲ್ ಬತ್ತಿತು, ಇನ್ನೊಂದು ವರ್ಷ ಮೆಕ್ಕೆಜೋಳ ನಿಂತಲ್ಲೇ ಮೊಳಕೆ ಒಡೆಯಿತು, ಅದಕ್ಕೂ ಮುಂಚೆ ಹದಿನೈದು ವರ್ಷ ಆತ ಒಂದು ಕಂತೂ ತಪ್ಪಿಸಿರಲಿಲ್ಲ ಎಂಬುದು ಸಂಘದ ಕಟ್ಟೆಗೆ ಗೊತ್ತು. ಹಾಗೆಂದು ಕಟ್ಟೆಯ ತೀರ್ಪೆಲ್ಲ ಬಂಗಾರವೂ ಅಲ್ಲ. ನಮ್ಮವ, ತಮ್ಮವ ಎಂಬ ಮಾತು ಆಡಳಿತ ಮಂಡಳಿಗಳಲ್ಲಿ ನಡೆಯುವುದಿಲ್ಲ ಎಂದು ಎದೆ ತಟ್ಟಿ ಹೇಳುವವರು ಕಡಿಮೆ. ಯಂತ್ರಕ್ಕೆ ಮುಖ ಕಾಣುವುದಿಲ್ಲ, ಅದೊಂದು ಒಳ್ಳೆಯದೇ. ಆದ್ದರಿಂದ ಯಂತ್ರದ ಮಾತು ಮಂಡಳಿಯ ಮುಂದೆ ಬರಲಿ, ಆದರೆ ಕಾರಣ ಸಮೇತ ಬರಲಿ. ಸಾಲ ಸಿಗದವನು ವಾರ್ಷಿಕ ಮಹಾಸಭೆಯಲ್ಲಿ ಎದ್ದು ಯಾಕೆ ಎಂದು ಕೇಳಿದರೆ, ಕಂಪ್ಯೂಟರ್ ಹಾಗಂತೈತಿ ಎಂಬುದು ಉತ್ತರವಾಗಬಾರದು. ಈ ಮಾತನ್ನು ನಾವು ಮಂಡಳಿಯಲ್ಲಿ ಹೇಳಿದ್ದೇವೆ, ಮಹಾಸಭೆಯ ವಿಷಯಪಟ್ಟಿಗೂ ಕೊಟ್ಟಿದ್ದೇವೆ.

ಇನ್ನೊಂದು ಸಣ್ಣ ವಿಷಯವನ್ನೂ ಅದರ ಜೊತೆ ಕೊಟ್ಟಿದ್ದೇವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರದ ಲೆಕ್ಕ ನಿಲ್ಲುವುದು ಮಾಪನ ಕೇಂದ್ರದ ಅಂಕಿಯ ಮೇಲೆ. ಹಳ್ಳದ ಆಚೆ ಮಳೆಯಾಗಿ ಈಚೆ ಧೂಳು ಹಾರಿದ ವರ್ಷಗಳು ನಮ್ಮಲ್ಲಿ ಎಷ್ಟಿಲ್ಲ? ಹಾಗೆ ಆದಾಗ ತೋರಿಸಲು ನಮ್ಮ ಹತ್ತಿರ ಬರೆದಿಟ್ಟದ್ದು ಒಂದು ಹಾಳೆಯೂ ಇಲ್ಲ. ಆದ್ದರಿಂದ ಸಂಘದ ಗೋದಾಮಿನ ಹಿಂದಿನ ಬಯಲಲ್ಲಿ ಒಂದು, ಹಳ್ಳದ ಈಚೆ ಒಂದು ಮಳೆಮಾಪಕ ನೆಟ್ಟು, ಹೆಸರು ಬೀಜದ ಬಿತ್ತಿಗೆಯಿಂದ ಹಿಂಗಾರಿ ಕಡಲೆಯವರೆಗೆ ದಿನಾ ಅಳೆದು ಸಂಘದ ಪುಸ್ತಕದಲ್ಲಿ ಬರೆಯಬೇಕೆಂದು ಯೋಚಿಸಿದ್ದೇವೆ. ಮಾಪಕದ ಖರ್ಚು ದೊಡ್ಡದಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ತಪ್ಪದೆ ಹೋಗಿ ನೋಡುವವರು ಬೇಕು. ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರು ಯಾರಾದರೂ ಮುಂದೆ ಬಂದರೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕಾಗಿ ವಿನಂತಿ.