ಎಲೆಕ್ಟ್ರಾನ್ ಲೆಕ್ಕ: ಪರಮಾಣುವಿನಲ್ಲಿ ಎಷ್ಟು, ಅಯಾನಿನಲ್ಲಿ ಎಷ್ಟು?

ಒಂದು ಕ್ಲೋರಿನ್ ಪರಮಾಣುವಿನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ? 17. ಕ್ಲೋರೈಡ್ ಅಯಾನಿನಲ್ಲಿ? 18. ಕ್ಲೋರಿನ್ ಅಣುವಿನಲ್ಲಿ? 34. ಧಾತು ಒಂದೇ, ಉತ್ತರ ಮೂರು. ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿ ಮಕ್ಕಳು ಸುಲಭವಾಗಿ ಎಡವುವ ಜಾಗ ಇದು. ಲೆಕ್ಕವೇನೂ ದೊಡ್ಡದಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು. ನಾವು ಎಣಿಸುತ್ತಿರುವುದು ಏನನ್ನು ಎಂಬುದು ಮೊದಲು ಗೊತ್ತಿರಬೇಕು, ಅಷ್ಟೆ.

ಗಡಿನಾಡಿನ ಕನ್ನಡ ಮಕ್ಕಳಿಗೆ ಈ ತೊಡಕು ಒಂದು ಪಾಲು ಹೆಚ್ಚು. ಅದಕ್ಕೆ ಕಾರಣ ವಿಜ್ಞಾನವಲ್ಲ, ಪಕ್ಕದ ಭಾಷೆಯ ಪದಗಳು. ವಿಜ್ಞಾನ ಓದದ ಹೆತ್ತವರೂ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡಲು ಅನುಕೂಲವಾಗಲೆಂದು ವಿಷಯವನ್ನು ಮೊದಲಿನಿಂದ ಇಲ್ಲಿ ಕೊಡಲಾಗಿದೆ.

ಮೂರು ಕಣಗಳು

ಪರಮಾಣುವಿನ ನಡುವೆ ಪುಟ್ಟದೊಂದು ನ್ಯೂಕ್ಲಿಯಸ್ ಇದೆ. ಅದರಲ್ಲಿ ಧನ ವಿದ್ಯುದಂಶದ ಪ್ರೋಟಾನ್‌ಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನ್‌ಗಳೂ ಇರುತ್ತವೆ. ಹೊರಗಿನ ಕವಚಗಳಲ್ಲಿ ಋಣ ವಿದ್ಯುದಂಶದ ಎಲೆಕ್ಟ್ರಾನ್‌ಗಳಿರುತ್ತವೆ. ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದರು. ರುದರ್‌ಫೋರ್ಡ್ 1911ರಲ್ಲಿ ನ್ಯೂಕ್ಲಿಯಸ್ ಇದೆಯೆಂದು ತೋರಿಸಿದರು. ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ, ಚಾಡ್ವಿಕ್ ಅವರಿಗೆ.

ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಆದರೆ ವಿದ್ಯುದಂಶದಲ್ಲಿ ಎರಡೂ ಸರಿಸಮ, ಒಂದು +1, ಇನ್ನೊಂದು −1. ಮುಂದಿನ ಲೆಕ್ಕವೆಲ್ಲ ಈ ಸಮತೆಯ ಮೇಲೆ ನಿಂತಿದೆ.

ಪರಮಾಣುವಿನ ಲೆಕ್ಕ

ಪ್ರೋಟಾನ್‌ಗಳ ಸಂಖ್ಯೆಗೆ ಪರಮಾಣು ಸಂಖ್ಯೆ ಎಂದು ಹೆಸರು. ಧಾತುವಿನ ಗುರುತು ಇದೇ. 11 ಪ್ರೋಟಾನ್ ಇದ್ದರೆ ಅದು ಸೋಡಿಯಂ, 12 ಇದ್ದರೆ ಮೆಗ್ನೀಸಿಯಂ, 26 ಇದ್ದರೆ ಕಬ್ಬಿಣ. ಈ ಸಂಖ್ಯೆ ಬರೀ ಕೋಷ್ಟಕದ ಕ್ರಮಾಂಕವಲ್ಲ, ನ್ಯೂಕ್ಲಿಯಸ್ಸಿನ ನಿಜವಾದ ಗುಣ ಎಂಬುದನ್ನು ಹೆನ್ರಿ ಮೋಸ್ಲಿ 1913ರಲ್ಲಿ ಕ್ಷ-ಕಿರಣಗಳ ಪ್ರಯೋಗದಿಂದ ತೋರಿಸಿಕೊಟ್ಟರು.

ಪರಮಾಣುವಿಗೆ ಒಟ್ಟಾರೆ ವಿದ್ಯುದಂಶವಿಲ್ಲ. ಆದ್ದರಿಂದ ಪ್ರೋಟಾನ್ ಎಷ್ಟೋ ಎಲೆಕ್ಟ್ರಾನ್ ಅಷ್ಟೇ. ಸೋಡಿಯಂಗೆ 11, ಕ್ಲೋರಿನ್‌ಗೆ 17, ಕ್ಯಾಲ್ಸಿಯಂಗೆ 20.

ಇಲ್ಲಿ ರಾಶಿ ಸಂಖ್ಯೆಯ ಬಗ್ಗೆ ಎಚ್ಚರ ಬೇಕು. ಅದು ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಮೊತ್ತ. ಕ್ಲೋರಿನ್‌ನಲ್ಲಿ ರಾಶಿ ಸಂಖ್ಯೆ 35 ಇರುವ ಪರಮಾಣುಗಳೂ ಇವೆ, 37 ಇರುವವೂ ಇವೆ. ಮೊದಲನೆಯದರಲ್ಲಿ ನ್ಯೂಟ್ರಾನ್ 18, ಎರಡನೆಯದರಲ್ಲಿ 20. ಎಲೆಕ್ಟ್ರಾನ್ ಮಾತ್ರ ಎರಡರಲ್ಲೂ 17. ಪ್ರಶ್ನೆಯಲ್ಲಿ ಎರಡು ಸಂಖ್ಯೆ ಕೊಟ್ಟಿದ್ದರೆ ಚಿಕ್ಕದನ್ನು, ಅಂದರೆ ಪರಮಾಣು ಸಂಖ್ಯೆಯನ್ನು ಹಿಡಿಯಬೇಕು.

ಅಯಾನು ಎಂದರೇನು?

ಪರಮಾಣು ಎಲೆಕ್ಟ್ರಾನನ್ನು ಕಳೆದುಕೊಂಡರೆ ಅಥವಾ ಪಡೆದರೆ ಅಯಾನು ಆಗುತ್ತದೆ. ಗ್ರೀಕ್ ಮೂಲದ ಈ ಪದಕ್ಕೆ 'ಹೋಗುವುದು' ಎಂದರ್ಥ. ವಿದ್ಯುತ್ ಹರಿಸಿದಾಗ ದ್ರಾವಣದೊಳಗೆ ಒಂದು ಕಡೆಗೋ ಇನ್ನೊಂದು ಕಡೆಗೋ ಹೋಗುವ ಕಣಗಳಿಗೆ ಮೈಕೆಲ್ ಫ್ಯಾರಡೆ 1834ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಆಗ ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಅಯಾನು ಆಗುವಾಗ ಪ್ರೋಟಾನ್ ಕದಲುವುದಿಲ್ಲ. ಬದಲಾಗುವುದು ಎಲೆಕ್ಟ್ರಾನ್ ಮಾತ್ರ. ಎಲೆಕ್ಟ್ರಾನ್ ಹೋದರೆ ಧನ ಅಯಾನು, ಬಂದರೆ ಋಣ ಅಯಾನು.

ಮಕ್ಕಳಿಗೆ ಗೊಂದಲ ಹುಟ್ಟುವುದು ಈ ಮಾತಿನಲ್ಲಿಯೇ. ಕಳೆದುಕೊಂಡದ್ದಕ್ಕೆ ಪ್ಲಸ್ ಏಕೆ, ಪಡೆದದ್ದಕ್ಕೆ ಮೈನಸ್ ಏಕೆ? ಪ್ಲಸ್ ಚಿಹ್ನೆ ಕಂಡ ಕೂಡಲೇ ಕೂಡಿಸುವ ಅಭ್ಯಾಸ ತಪ್ಪಿಸಲು ಒಂದು ಉಪಾಯವಿದೆ. ಪ್ರೋಟಾನ್ ಎಂದರೆ ಕೈಯಲ್ಲಿರುವ ಒಂದು ರೂಪಾಯಿ, ಎಲೆಕ್ಟ್ರಾನ್ ಎಂದರೆ ಒಂದು ರೂಪಾಯಿ ಸಾಲ ಎಂದಿಟ್ಟುಕೊಳ್ಳಿ. ಸೋಡಿಯಂ ಹತ್ತಿರ 11 ರೂಪಾಯಿ ಇದೆ, 11 ರೂಪಾಯಿ ಸಾಲವೂ ಇದೆ. ಲೆಕ್ಕ ಸಮ. ಆ ಸಾಲದಲ್ಲಿ ಒಂದು ರೂಪಾಯಿಯನ್ನು ಕ್ಲೋರಿನ್ ತನ್ನ ಮೇಲೆ ಹಾಕಿಕೊಂಡರೆ ಸೋಡಿಯಂಗೆ ಒಂದು ರೂಪಾಯಿ ಉಳಿಯುತ್ತದೆ, ಅದೇ +1. ಸಾಲ ಹೊತ್ತ ಕ್ಲೋರಿನ್‌ಗೆ ಒಂದು ರೂಪಾಯಿ ಕೊರತೆ, ಅದೇ −1.

ಎಲೆಕ್ಟ್ರಾನಿಗೆ ಮೈನಸ್ ಎಂದು ಹೆಸರು ಬಂದದ್ದಕ್ಕೂ ಹಳೆಯ ಕಾರಣವಿದೆ. ವಿದ್ಯುತ್ತಿನಲ್ಲಿ ಪ್ಲಸ್, ಮೈನಸ್ ಎಂಬ ಮಾತನ್ನು ಬಳಕೆಗೆ ತಂದವರು ಹದಿನೆಂಟನೇ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್. ಬಹಳ ಕಾಲದ ನಂತರ ಸಿಕ್ಕಿದ ಎಲೆಕ್ಟ್ರಾನ್, ಅವರು ಹಾಕಿದ ಗುರುತಿನಲ್ಲಿ ಮೈನಸ್ ಬದಿಗೆ ಬಂತು.

ಸೂತ್ರ ಇಷ್ಟೆ:
ಧನ ಅಯಾನಿನಲ್ಲಿ: ಎಲೆಕ್ಟ್ರಾನ್ = ಪರಮಾಣು ಸಂಖ್ಯೆಯಿಂದ ವಿದ್ಯುದಂಶವನ್ನು ಕಳೆಯಿರಿ.
ಋಣ ಅಯಾನಿನಲ್ಲಿ: ಎಲೆಕ್ಟ್ರಾನ್ = ಪರಮಾಣು ಸಂಖ್ಯೆಗೆ ವಿದ್ಯುದಂಶವನ್ನು ಕೂಡಿಸಿ.

ಕೆಲವು ಉದಾಹರಣೆಗಳು

ಆಕ್ಸೈಡ್ 2−: 8 + 2 = 10
ಫ್ಲೋರೈಡ್ 1−: 9 + 1 = 10
ಸೋಡಿಯಂ 1+: 11 − 1 = 10
ಮೆಗ್ನೀಸಿಯಂ 2+: 12 − 2 = 10
ಕ್ಲೋರೈಡ್ 1−: 17 + 1 = 18
ಕ್ಯಾಲ್ಸಿಯಂ 2+: 20 − 2 = 18

ಮೊದಲ ನಾಲ್ಕಕ್ಕೂ 10 ಬಂದಿದೆ. ನಿಯಾನ್ ಅನಿಲದ ಎಲೆಕ್ಟ್ರಾನ್ ಸಂಖ್ಯೆಯೂ 10. ಕೊನೆಯ ಎರಡಕ್ಕೆ ಬಂದ 18 ಆರ್ಗಾನ್ ಅನಿಲದ ಸಂಖ್ಯೆ. ಸೋಡಿಯಂನ ಕವಚಗಳಲ್ಲಿ ಎಲೆಕ್ಟ್ರಾನ್‌ಗಳು 2, 8, 1 ಎಂದು ಇರುತ್ತವೆ. ಹೊರಗಿನ ಒಂದನ್ನು ಬಿಟ್ಟರೆ 2, 8 ಎಂಬ ಗಟ್ಟಿ ಜೋಡಣೆ ಉಳಿಯುತ್ತದೆ. ಕ್ಲೋರಿನ್‌ನಲ್ಲಿ 2, 8, 7. ಅದಕ್ಕೆ ಒಂದು ಸಿಕ್ಕರೆ 2, 8, 8. ಒಂದು ಕೊಡಲು, ಇನ್ನೊಂದು ತೆಗೆದುಕೊಳ್ಳಲು ಸಿದ್ಧವಾಗಿರುವುದು ಇದಕ್ಕೇ.

ಎಲೆಕ್ಟ್ರಾನ್ ಸಂಖ್ಯೆ ಒಂದೇ ಆದರೂ ಸೋಡಿಯಂ ಅಯಾನು ನಿಯಾನ್ ಆಗಿಬಿಡುವುದಿಲ್ಲ. ಪ್ರೋಟಾನ್ 11 ಇರುವ ತನಕ ಅದು ಸೋಡಿಯಂ. ಆದರೆ ಗುಣ ಮಾತ್ರ ಪೂರ್ತಿ ಬೇರೆ. ಸೋಡಿಯಂ ಲೋಹ ನೀರು ತಾಗಿದರೆ ಉರಿದೇಳುತ್ತದೆ, ಕ್ಲೋರಿನ್ ವಿಷದ ಅನಿಲ. ಎರಡೂ ಅಯಾನುಗಳಾಗಿ ಸೇರಿದ್ದೇ ನಾವು ದಿನಾ ತಿನ್ನುವ ಅಡುಗೆ ಉಪ್ಪು.

ಗುಂಪಿನ ಅಯಾನುಗಳು

ಹಲವು ಪರಮಾಣುಗಳು ಕೂಡಿ ಒಂದೇ ಅಯಾನು ಆಗುವುದೂ ಇದೆ. ಆಗ ಎಲ್ಲ ಪರಮಾಣುಗಳ ಎಲೆಕ್ಟ್ರಾನ್ ಕೂಡಿಸಿ, ಕೊನೆಯಲ್ಲಿ ವಿದ್ಯುದಂಶವನ್ನು ಸರಿಪಡಿಸಿದರಾಯಿತು. ನೈಟ್ರೇಟ್‌ನಲ್ಲಿ ಒಂದು ನೈಟ್ರೋಜನ್, ಮೂರು ಆಕ್ಸಿಜನ್: 7 + 24 = 31. ವಿದ್ಯುದಂಶ 1−, ಆದ್ದರಿಂದ 32. ಅಮೋನಿಯಂನಲ್ಲಿ ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್: 7 + 4 = 11. ವಿದ್ಯುದಂಶ 1+, ಆದ್ದರಿಂದ 10.

ಕಾಸರಗೋಡಿನ ಕಡೆ ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮೈಲುತುತ್ತು ಮತ್ತು ಸುಣ್ಣದಿಂದ ಮಾಡುತ್ತಾರೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ತಾಮ್ರದ ಪರಮಾಣುವಿನಲ್ಲಿ 29 ಎಲೆಕ್ಟ್ರಾನ್, 2+ ಅಯಾನಿನಲ್ಲಿ 27. ಸಲ್ಫೇಟ್‌ನಲ್ಲಿ ಒಂದು ಗಂಧಕ, ನಾಲ್ಕು ಆಕ್ಸಿಜನ್: 16 + 32 = 48, ಜತೆಗೆ 2, ಒಟ್ಟು 50. ಎರಡನ್ನೂ ಸೇರಿಸಿದರೆ 77. ಇನ್ನು ಪ್ರೋಟಾನ್‌ಗಳನ್ನು ಎಣಿಸಿ: 29 + 16 + 32, ಅದೂ 77. ಲವಣಕ್ಕೆ ಒಟ್ಟು ವಿದ್ಯುದಂಶವಿಲ್ಲ ಎಂಬುದು ಹೀಗೆ ತಾಳೆಯಾಗುತ್ತದೆ. (ಹರಳಿನಲ್ಲಿರುವ ನೀರನ್ನು ಇಲ್ಲಿ ಎಣಿಸಿಲ್ಲ.)

ಒಂದು ಪದ, ಎರಡು ಅರ್ಥ

ಗಡಿಯ ಮಕ್ಕಳು ಎಚ್ಚರ ವಹಿಸಬೇಕಾದ ಪದ 'ಅಣು'. ಕನ್ನಡದ ಪಠ್ಯಗಳಲ್ಲಿ ಪರಮಾಣು ಎಂದರೆ ಒಂಟಿ ಕಣ, ಅಣು ಎಂದರೆ ಪರಮಾಣುಗಳು ಕೂಡಿದ ಕಣ. ತೆಲುಗಿನಲ್ಲಿಯೂ ಪರಮಾಣುವು, ಅಣುವು ಎಂದೇ ವ್ಯತ್ಯಾಸ ಮಾಡುತ್ತಾರೆ. ಆದ್ದರಿಂದ ರಾಯದುರ್ಗ, ಮಡಕಶಿರಾ, ಆದೋನಿ ಕಡೆಯವರಿಗೆ ತೊಂದರೆಯಿಲ್ಲ.

ಮರಾಠಿಯಲ್ಲಿ ಹಾಗಲ್ಲ. ಅಲ್ಲಿ 'ಅಣು' ಎಂದರೆ ನಮ್ಮ ಪರಮಾಣು. ನಮ್ಮ ಅಣುವಿಗೆ ಅವರು 'ರೇಣು' ಎನ್ನುತ್ತಾರೆ, ಪರಮಾಣು ಸಂಖ್ಯೆಗೆ 'ಅಣುಅಂಕ'. ತಮಿಳಿನಲ್ಲಿಯೂ 'ಅಣು' ಎಂದರೆ ಪರಮಾಣುವೇ, ಕೂಡಿದ ಕಣಕ್ಕೆ 'ಮೂಲಕ್ಕೂರು'. ಮಲಯಾಳದಲ್ಲಿ 'ಆಟಂ' ಮತ್ತು 'ತನ್ಮಾತ್ರ' ಎಂಬ ಬೇರೆಯೇ ಪದಗಳಿವೆ.

ಹೀಗಾಗಿ 'ಕ್ಲೋರಿನ್ ಅಣುವಿನಲ್ಲಿ ಎಷ್ಟು ಎಲೆಕ್ಟ್ರಾನ್' ಎಂದು ಕೇಳಿದರೆ ಕನ್ನಡದಲ್ಲಿ ಉತ್ತರ 34, ಏಕೆಂದರೆ ಕ್ಲೋರಿನ್ ಅಣುವಿನಲ್ಲಿ ಎರಡು ಪರಮಾಣುಗಳಿವೆ. ಅದೇ ಪದವನ್ನು ಮರಾಠಿ ಅಥವಾ ತಮಿಳಿನ ಅರ್ಥದಲ್ಲಿ ಹಿಡಿದರೆ ಉತ್ತರ 17. ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರಿನ ಮಕ್ಕಳು ಮನೆಪಾಠವನ್ನು ಒಂದು ಭಾಷೆಯಲ್ಲಿ ಕೇಳಿ ಪರೀಕ್ಷೆಯನ್ನು ಇನ್ನೊಂದರಲ್ಲಿ ಬರೆಯುವಾಗ ಲೆಕ್ಕ ಸರಿಯಿದ್ದೂ ಉತ್ತರ ತಪ್ಪಾಗಬಹುದು. ನೋಟ್ ಪುಸ್ತಕದ ಮೊದಲ ಪುಟದಲ್ಲಿಯೇ ಎರಡೂ ಭಾಷೆಯ ಪದಗಳನ್ನು ಎದುರುಬದುರು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಕಾಲೇಜಿಗೆ ಹೋದಾಗ ಅಲ್ಲಿಯೇ ಆಟಂ, ಮಾಲಿಕ್ಯೂಲ್, ಅಯಾನ್ ಎಂಬ ಇಂಗ್ಲಿಷ್ ಪದಗಳನ್ನೂ ಸೇರಿಸಬಹುದು.

ಒಂದೇ ಎಲೆಕ್ಟ್ರಾನ್, ಒಂದು ಜೀವ

ಇದೆಲ್ಲ ಪರೀಕ್ಷೆಗಷ್ಟೇ ಎಂದುಕೊಳ್ಳಬೇಕಿಲ್ಲ. ಕಬ್ಬಿಣದ ಪರಮಾಣು ಸಂಖ್ಯೆ 26. ಅದು 2+ ಆದರೆ 24 ಎಲೆಕ್ಟ್ರಾನ್, 3+ ಆದರೆ 23. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದು ಸಾಗಿಸಬೇಕಾದರೆ ಅದರ ಕಬ್ಬಿಣ 2+ ಸ್ಥಿತಿಯಲ್ಲಿರಬೇಕು. ಇನ್ನೊಂದು ಎಲೆಕ್ಟ್ರಾನ್ ಹೋಗಿ 3+ ಆದರೆ ಆ ಕೆಲಸ ನಿಂತಂತೆಯೇ.

ಗೊಬ್ಬರ, ಕೊಟ್ಟಿಗೆಯ ಬಗ್ಗಡ, ಶೌಚಗುಂಡಿಗಳಿಂದ ಬಾವಿ ನೀರಿಗೆ ನೈಟ್ರೇಟ್ ಸೇರುತ್ತದೆ. ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಎಳೆಗೂಸಿಗೆ ಕುಡಿಸಿದರೆ ನೈಟ್ರೇಟ್ ಮಗುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತದ ಕಬ್ಬಿಣವನ್ನು 3+ ಸ್ಥಿತಿಗೆ ದೂಡುತ್ತದೆ. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತದೆ, ಜೀವಕ್ಕೂ ಅಪಾಯ. ಅಮೆರಿಕದ ಅಯೋವಾದ ವೈದ್ಯ ಕಾಮ್ಲಿ 1945ರಲ್ಲಿ ಬಾವಿ ನೀರಿಗೂ ಈ ನೀಲಿ ಮಗು ಕಾಯಿಲೆಗೂ ಇರುವ ಸಂಬಂಧವನ್ನು ವರದಿ ಮಾಡಿದರು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಅದೇ ರೀತಿ ಅನಂತಪುರ ಸೀಮೆಯ ಕೊಳವೆಬಾವಿಗಳಲ್ಲಿ ಹಲ್ಲು, ಮೂಳೆಯನ್ನು ಕೆಡಿಸುವುದು ಫ್ಲೋರಿನ್ ಅನಿಲವಲ್ಲ, 10 ಎಲೆಕ್ಟ್ರಾನ್‌ಗಳ ಫ್ಲೋರೈಡ್ ಅಯಾನು. ನೀರು ಪರೀಕ್ಷೆಯ ಚೀಟಿಯಲ್ಲಿ ಹೆಸರಿನ ಮೇಲೆ ಕಾಣುವ ಸಣ್ಣ ಮೈನಸ್ ಗುರುತಿನ ಅರ್ಥ ಇದೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದ ಕಡೆ 1.5ರವರೆಗೆ ಮಾತ್ರ ಅವಕಾಶವಿದೆ.

ಮಾಡಿ ನೋಡಿ

ಎಷ್ಟು ಎಲೆಕ್ಟ್ರಾನ್‌ಗಳಿವೆ?
1. ಪೊಟ್ಯಾಸಿಯಂ (19) 1+
2. ಅಲ್ಯೂಮಿನಿಯಂ (13) 3+
3. ಸಲ್ಫೈಡ್ (ಗಂಧಕ 16) 2−
4. ಕಾರ್ಬೊನೇಟ್ (ಒಂದು ಇಂಗಾಲ 6, ಮೂರು ಆಕ್ಸಿಜನ್ 8) 2−
5. ನೀರಿನ ಒಂದು ಅಣು
6. ಹೈಡ್ರೋಜನ್ (1) 1+
7. ಒಂದು ಅಯಾನಿನಲ್ಲಿ ಪ್ರೋಟಾನ್ 26, ಎಲೆಕ್ಟ್ರಾನ್ 23. ಅದು ಯಾವುದು, ವಿದ್ಯುದಂಶ ಎಷ್ಟು?

ಉತ್ತರಗಳು: 1) 18. 2) 10. 3) 18. 4) 6 + 24 + 2 = 32. 5) 1 + 1 + 8 = 10. 6) ಸೊನ್ನೆ, ಉಳಿಯುವುದು ಪ್ರೋಟಾನ್ ಒಂದೇ. 7) ಕಬ್ಬಿಣ, 3+.

ಉತ್ತರ ಬರೆದ ಮೇಲೆ ಒಮ್ಮೆ ತಾಳೆ ನೋಡಿ. ಧನ ಅಯಾನಿನಲ್ಲಿ ಎಲೆಕ್ಟ್ರಾನ್ ಪ್ರೋಟಾನಿಗಿಂತ ಕಡಿಮೆ ಇರಬೇಕು, ಋಣ ಅಯಾನಿನಲ್ಲಿ ಹೆಚ್ಚಿರಬೇಕು. ಹಾಗಿಲ್ಲದಿದ್ದರೆ ಕೂಡುವ ಕಡೆ ಕಳೆದಿದ್ದೀರಿ, ಇಲ್ಲವೇ ಕಳೆಯುವ ಕಡೆ ಕೂಡಿಸಿದ್ದೀರಿ.