ಸೇತುವೆ: ತಡೆದದ್ದೇ ದಾಟಿಸಿದ ಕಥೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಕವಲಿಗೆ ಅಡ್ಡಲಾಗಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯನ್ನು ದಡಕ್ಕಿಳಿದು ನೋಡಬೇಕು. ಕಮಾನಿನ ಸುಳಿವೇ ಇಲ್ಲ. ಒರಟು ಕಲ್ಲುಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ: ಗುಡಿಯ ಮಂಟಪವನ್ನೇ ಹೊಳೆಯೊಳಗೆ ಸಾಲಾಗಿ ಬೆಳೆಸಿದಂತಿದೆ. ಟಿಪ್ಪು ಮಡಿದು ಐದು ವರ್ಷವಾಗಿತ್ತಷ್ಟೆ. ಹೆಸರು ಆಗಿನ ಗವರ್ನರ್ ಜನರಲ್‌ನದು, ಕಟ್ಟಡದ ಕ್ರಮ ಮಾತ್ರ ನಮ್ಮ ಕಲ್ಲುಕುಟಿಗರದು. ಆದರೆ ನಮ್ಮಂಥ ಪದಪ್ರಿಯರನ್ನು ಅಲ್ಲಿ ಹಿಡಿದು ನಿಲ್ಲಿಸುವುದು ಆ ಕಂಬಗಳ ನಡುವೆ ನಿರಾತಂಕವಾಗಿ ಹರಿದುಹೋಗುವ ನೀರು; ಏಕೆಂದರೆ 'ಸೇತು' ಎಂಬ ಮಾತಿನ ಹಳೆಯ ಕಸುಬು ನೀರನ್ನು ಹೋಗಗೊಡುವುದಲ್ಲ, ತಡೆಯುವುದು.

ಸಂಸ್ಕೃತದಲ್ಲಿ ಇದರ ಧಾತು 'ಸಿ', ಅರ್ಥ ಬಂಧನ. ವೇದದಲ್ಲಿ ಸೇತುವೆಂದರೆ ಕಟ್ಟು, ಪಾಶ. ಧರ್ಮಶಾಸ್ತ್ರಗಳಲ್ಲಿ ಹೊಲದ ಎಲ್ಲೆಯ ಏರಿ. ನಿಘಂಟುಕಾರ ಅಮರಸಿಂಹನಿಗೆ ಸೇತು ಮತ್ತು ಆಲಿ, ಅಂದರೆ ಬದು, ಒಂದೇ. ಛಾಂದೋಗ್ಯ ಉಪನಿಷತ್ತು ಆತ್ಮವನ್ನು ಸೇತುವೆಂದು ಕರೆಯುವಾಗ ಲೋಕಗಳು ಒಂದಕ್ಕೊಂದು ಕಲೆಸಿಹೋಗದಂತೆ ಆಧರಿಸಿ ನಿಂತ ಎಲ್ಲೆಯೆಂಬ ಅರ್ಥವನ್ನೂ, ಆಚೆ ದಡಕ್ಕೆ ದಾಟುವ ದಾರಿಯೆಂಬ ಅರ್ಥವನ್ನೂ ಒಟ್ಟಿಗೇ ಹಿಡಿದಿದೆ. ಈ ಪದದ ಬಾಳಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಘಳಿಗೆ ಅದು. ಬದುವಿನ ಮೇಲೆ ಜನ ನಡೆದಾಡುತ್ತಾರಲ್ಲ, ಅರ್ಥ ಹೊರಳಿದ್ದು ಆ ನಡಿಗೆಯಲ್ಲೇ ಇರಬೇಕು. ರಾಮ ಕಟ್ಟಿಸಿದ ಸೇತುವೂ ಕಲ್ಲು ಮರಗಳನ್ನು ಒಟ್ಟಿದ ಒಡ್ಡೇ. 'ಆಸೇತುಹಿಮಾಚಲ' ಎನ್ನುವಾಗಲಂತೂ ಸೇತು ಮತ್ತೆ ಎಲ್ಲೆಯಾಗಿ, ನಾಡಿನ ತೆಂಕಣ ತುದಿಯಾಗಿ ನಿಲ್ಲುತ್ತದೆ. ಶಾಸನಗಳ ಕೊನೆಯಲ್ಲಿ ಬರುವ 'ಧರ್ಮಸೇತು'ವೂ ಮುಂದಿನ ಅರಸರು ಮೀರಬಾರದ ಕಟ್ಟು.

ಕನ್ನಡ ಇದಕ್ಕೆ '-ವೆ' ಎಂಬ ಬಾಲ ಕೂಡಿಸಿ ಮದುವೆ, ಒಡವೆ, ಕಣಿವೆಗಳ ಸಾಲಿಗೆ ಸೇರಿಸಿಕೊಂಡಿತು. ಈಗ ಅದರ ಕಿವಿಗೊಪ್ಪುವ ದನಿಯಲ್ಲಿ ಸಂಸ್ಕೃತದ ಸೊಲ್ಲು ತಟ್ಟನೆ ಕೇಳುವುದಿಲ್ಲ. ನಾವು ಸೇತುವೆಯನ್ನು ಮಾಡುವುದಿಲ್ಲ, 'ಕಟ್ಟು'ತ್ತೇವೆ. ಮರೆತುಹೋದ ಧಾತ್ವರ್ಥವನ್ನು ಕನ್ನಡದ ಕ್ರಿಯಾಪದ ತಾನಾಗಿಯೇ ಮತ್ತೆ ಹೇಳುತ್ತಿದೆ.

ದಾಟುವುದಕ್ಕೆಂದೇ ಹುಟ್ಟಿದ ಮಾತು ಬೇರೆಯಿದೆ: ಕರಾವಳಿ, ಮಲೆನಾಡು, ತುಳುನಾಡಿನ 'ಸಂಕ'. ಇದು ಸಂಕ್ರಮದ ತದ್ಭವ. ಪಾಳಿಯಲ್ಲಿ ಸಂಕಮ, ಮರಾಠಿಯಲ್ಲಿ ಸಾಕವ, ಬಂಗಾಳಿಯಲ್ಲಿ ಸಾಂಕೊ. 'ಕ್ರಮ್' ಎಂದರೆ ಹೆಜ್ಜೆಯಿಡು. ಸೂರ್ಯ ರಾಶಿಯಿಂದ ರಾಶಿಗೆ ಇಟ್ಟರೆ ಸಂಕ್ರಾಂತಿ, ರೋಗ ಮೈಯಿಂದ ಮೈಗೆ ಇಟ್ಟರೆ ಸಾಂಕ್ರಾಮಿಕ, ನಾವು ಹಳ್ಳದ ಈ ದಡದಿಂದ ಆ ದಡಕ್ಕೆ ಇಟ್ಟರೆ ಸಂಕ. ಎರಡು ಅಡಿಕೆಮರದ ಕಾಂಡ, ಹಿಡಿದುಕೊಳ್ಳಲು ಒಂದು ಬಿದಿರ ಗಳು, ಮಳೆಗಾಲಕ್ಕೆ ಮುಂಚೆ ಹೊಸದಾಗಿ ಬಿಗಿದ ಬಳ್ಳಿ ಅಥವಾ ಹಗ್ಗ: ಮಕ್ಕಳು ಶಾಲೆಗೆ ಹೋಗುವ ಕಾಲುಸಂಕ ಎಂದರೆ ಇಷ್ಟೇ. ಪೂರ್ಣಯ್ಯನವರ ಕಟ್ಟಡವನ್ನು ಸಂಕವೆಂದು ಯಾರೂ ಕರೆಯಲಾರರು. ಗಾಡಿ, ದಂಡು ಸಾಗುವ ಹೆದ್ದಾರಿಗೆ ಸೇತುವೆಯೇ ಬೇಕು. ಒಂದು ಮಾತು ದೊಡ್ಡ ಹೊಳೆಗೆ, ಇನ್ನೊಂದು ಸಣ್ಣ ಹಳ್ಳಕ್ಕೆ ಎಂದು ಬಳಕೆಯೇ ಪಾಲು ಹಂಚಿಬಿಟ್ಟಿದೆ.

ನೀರನ್ನು ತಡೆಯುವ ಹಳೆಯ ಕೆಲಸವನ್ನು ಅಣೆ, ಕಟ್ಟೆ, ಒಡ್ಡುಗಳು ವಹಿಸಿಕೊಂಡವು. ಇತ್ತ ಸೇತುವೆ ಹೊಳೆಯನ್ನೂ ಬಿಟ್ಟು ಊರೊಳಗೆ ಬಂದು, ರೈಲುಹಳಿಯ ಮೇಲೆ ಮೇಲ್ಸೇತುವೆಯಾಗಿ, ಅಡಿಯಲ್ಲಿ ಕೆಳಸೇತುವೆಯಾಗಿ, ಮನಸ್ತಾಪವಾದ ಇಬ್ಬರ ನಡುವೆ ಸ್ನೇಹಸೇತುವೆಯಾಗಿ ಇನ್ನೂ ಕವಲೊಡೆಯುತ್ತಲೇ ಇದೆ.