ಹದಿನಾಡು, ದಳವಾಯಿ: ಮೈಸೂರು ಸೇನಾಚರಿತ್ರೆಯಲ್ಲಿ ಪದಬಳಕೆ

ಸೇನಾಚರಿತ್ರೆಯಲ್ಲಿ ಸ್ಥಳನಾಮ, ಪದವಿ ಹಾಗೂ ಕಾಲಗಳ ನಮೂದು ಬರಹದ ಶಿಸ್ತಷ್ಟೇ ಅಲ್ಲ; ಆಕರದ ತೂಕವೂ ಅದರಿಂದಲೇ ತಿಳಿಯಬೇಕು. ನಂಜನಗೂಡು ತಾಲ್ಲೂಕಿನ ಹದಿನಾರು ಇದಕ್ಕೆ ತಕ್ಕ ನಿದರ್ಶನ. ಮೈಸೂರು ಅರಸರ ವಂಶಾವಳಿಗಳಲ್ಲಿ ಬರುವ ‘ಹದಿನಾಡ’ನ್ನು ಈ ಊರಿನೊಂದಿಗೆ ಗುರುತಿಸುವುದು ರೂಢಿ. ಯದುರಾಯನು ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು ಹದಿನಾಡಿನ ಅರಸುಮಗಳು ದೇವಾಜಮ್ಮಣ್ಣಿಯನ್ನು ವರಿಸಿದನೆಂದು ಅವು ಹೇಳುತ್ತವೆ. ಕಾಲ ಶಕ 1321, ಅಂದರೆ ಕ್ರಿ.ಶ. 1399. ‘ನಾಡು’ ಆಡಳಿತ ವಿಭಾಗವನ್ನು ಸೂಚಿಸುವ ಪದ. ಹದಿನಾರು ಇಂದಿನ ಒಂದು ಗ್ರಾಮ. ಒಂದರ ಬದಲು ಇನ್ನೊಂದನ್ನು ಬರೆದರೆ ಪಾಳೆಯಗಾರನ ಸೀಮೆಯೇ ಒಂದು ಊರಿನಷ್ಟಕ್ಕೆ ಕುಗ್ಗುತ್ತದೆ. ವಂಶಾವಳಿಗಳು ಘಟನೆಗೆ ಬಹುಕಾಲದ ನಂತರದವು. ಆದುದರಿಂದ ‘ಐತಿಹ್ಯದಂತೆ’ ಎಂಬ ಸೂಚನೆ ಅವಶ್ಯ. ಇದನ್ನು ‘ಕಾರುಗಹಳ್ಳಿ ಯುದ್ಧ’ವೆಂದು ಹೆಸರಿಸುವುದು ಆಕರವನ್ನು ಮೀರಿದ ಮಾತು.

ಅದೇ ತಾಲ್ಲೂಕಿನ ಕಳಲೆ ಮನೆತನವು ಮೈಸೂರಿಗೆ ದಳವಾಯಿಗಳನ್ನು ನೀಡಿತು. ‘ದಳವಾಯಿ’ಯನ್ನು ‘ಸೇನಾಪತಿ’ ಎಂದು ಬದಲಿಸಿದಲ್ಲಿ ಅರ್ಥ ಕಿರಿದಾಗುತ್ತದೆ. 18ನೆಯ ಶತಮಾನದಲ್ಲಿ ದಳವಾಯಿ ದೇವರಾಜಯ್ಯ ಮತ್ತು ಅವನ ತಮ್ಮ ಸರ್ವಾಧಿಕಾರಿ ನಂಜರಾಜಯ್ಯ ಒಡೆಯರನ್ನು ಹೆಸರಿಗೆ ಮಾತ್ರ ಉಳಿಸಿ ರಾಜ್ಯಾಧಿಕಾರವನ್ನೇ ನಡೆಸಿದರು. ಈ ಹಿನ್ನೆಲೆಯನ್ನು ಮರೆಮಾಡಿದರೆ 1761ರಲ್ಲಿ ಹೈದರ್ ಅಲಿಯ ಕೈಗೆ ಅಧಿಕಾರ ಬಂದುದು ಆಕಸ್ಮಿಕವೆಂಬಂತೆ ತೋರುತ್ತದೆ. ಮೂಲಪದವನ್ನು ಉಳಿಸಿಕೊಂಡು, ಮೊದಲ ಬಳಕೆಯಲ್ಲಿಯೇ ಅದರ ಕಾಲೋಚಿತ ಅರ್ಥವನ್ನು ವಿವರಿಸುವುದು ಯುಕ್ತ.